ತಿರುವಿನಲ್ಲಿ ನಿಂತವರು

ಎಂಟು ದಿನ ಒಬ್ಬಳೇ ಇದ್ದು ಬರೋಣ ಎಂದು ನಾನು ಆ ಪ್ರವಾಸಕ್ಕೆ ಹೆಸರು ಕೊಟ್ಟಿದ್ದೆ. ಯಾತ್ರಿಕರು ನಡೆಯುತ್ತಿದ್ದ ಹಳೆಯ ಹಾದಿಯನ್ನು ಹಿಡಿದು ಸೈಕಲ್ ಮೇಲೆ ಬೆಟ್ಟದ ಆಲಯದವರೆಗೆ ಹೋಗುವುದು, ದಾರಿಯಲ್ಲಿ ಹಳೆಯ ಛತ್ರಗಳು, ಗಂಟೆ ಎರಕ ಹೊಯ್ಯುವ ಮನೆ, ಚಿತ್ರ ಬರೆದ ಗೋಡೆಗಳನ್ನು ನೋಡುವುದು, ಸಂಜೆ ತಂಗಿದಲ್ಲಿ ಊರವರ ಹಾಡು ಕೇಳುವುದು. ಒಟ್ಟು ಹದಿನಾಲ್ಕು ಜನ. ಅರ್ಜಿ ತುಂಬಿ ಹೊಲಿಗೆ ಯಂತ್ರದ ಮೇಲಿಟ್ಟು ಸ್ನಾನಕ್ಕೆ ಹೋದೆ. ಬಂದು ನೋಡಿದರೆ ನನ್ನ ಹೆಸರಿನ ಕೆಳಗೆ, ನನ್ನದಕ್ಕಿಂತ ದಪ್ಪ ಅಕ್ಷರದಲ್ಲಿ, ನಮ್ಮ ಯಜಮಾನರ ಹೆಸರು ಕೂತಿತ್ತು. ಇದೇನು ಎಂದು ಕೇಳಿದ್ದಕ್ಕೆ, ಅರ್ಜಿಯಲ್ಲಿ ಇನ್ನೊಬ್ಬರಿಗೆ ಜಾಗ ಇತ್ತಲ್ಲ ಎಂದರು.

ಅವರು ರೈಲ್ವೆಯಲ್ಲಿ ಮೂವತ್ತನಾಲ್ಕು ವರ್ಷ ಗಾರ್ಡ್ ಆಗಿದ್ದವರು. ಹಸಿರು ಬಾವುಟ ಬೀಸಿ ಗಾಡಿ ಬಿಡುವುದು ಅವರ ಕೆಲಸ. ಯಾರಿಗೂ ಒಂದು ನಿಮಿಷ ಕಾದವರಲ್ಲ. ಮದುವೆಯಾದ ಮೂರನೇ ವರ್ಷ ಅವರದೇ ಗಾಡಿಯಲ್ಲಿ ತವರಿಗೆ ಹೊರಟಿದ್ದೆ. ನಡುವೆ ಒಂದು ಸ್ಟೇಷನ್ನಿನಲ್ಲಿ ಕುಡಿಯುವ ನೀರು ಹಿಡಿಯಲು ಇಳಿದೆ. ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿತ್ತು. ಬಾಟಲಿ ಅರ್ಧ ತುಂಬುವಷ್ಟರಲ್ಲಿ ಸೀಟಿ ಕೇಳಿಸಿತು, ತಿರುಗಿ ನೋಡಿದರೆ ಕಟ್ಟಿಕೊಂಡ ಗಂಡ ಕೊನೆಯ ಡಬ್ಬಿಯ ಬಾಗಿಲಲ್ಲಿ ನಿಂತು ಬಾವುಟ ಬೀಸುತ್ತಾ ನನ್ನ ಮುಂದೆಯೇ ಸಾಗಿ ಹೋದರು. ನಾನು ಕಾಣಲಿಲ್ಲವೇ ಎಂದು ಆಮೇಲೆ ಜಗಳವಾಡಿದೆ. ಕಂಡೆ, ಆದರೆ ಹೊರಡುವ ಹೊತ್ತಾಗಿತ್ತು ಎಂದರು. ಈ ಕಥೆಯನ್ನು ನಾನು ಮನೆಗೆ ಬಂದವರಿಗೆಲ್ಲ ಮೂವತ್ತು ವರ್ಷ ಹೇಳಿದ್ದೇನೆ. ಅವರು ಒಂದು ಸಲವೂ ಅಡ್ಡ ಮಾತಾಡಿಲ್ಲ.

ಅವರ ನಿವೃತ್ತಿಯೂ ನಮ್ಮ ಕಾರ್ಖಾನೆ ಮುಚ್ಚಿದ್ದೂ ಒಂದೇ ವರ್ಷ. ನಾನು ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವವಳು. ಇಪ್ಪತ್ತೆರಡು ವರ್ಷ ದಿನಾ ಸೈಕಲ್ಲಿನಲ್ಲಿ ಹೋಗಿ ಬಂದವಳು. ಕೆಲಸ ಹೋದ ಮೇಲೆ ಇಬ್ಬರೂ ಒಂದೇ ಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಮುಖ ಮುಖ ನೋಡಿಕೊಂಡು ಕೂರುವ ಹಾಗಾಯಿತು. ಮೊದಲ ತಿಂಗಳಲ್ಲೇ ಅವರು ಅಡುಗೆಮನೆಯ ಗೋಡೆಗೆ ಒಂದು ವೇಳಾಪಟ್ಟಿ ಅಂಟಿಸಿದರು. ಅಡಿಕೋಲು ಹಿಡಿದು ಗೆರೆ ಎಳೆದದ್ದು. ಚಹಾ ಏಳು ಹತ್ತಕ್ಕೆ. ಕಸ ಹೊರಗಿಡುವುದು ಏಳು ನಲವತ್ತಕ್ಕೆ. ನಾನು ಸ್ನಾನದ ಮನೆಯಲ್ಲಿ ಸ್ವಲ್ಪ ಹೊತ್ತು ಮಾಡಿದರೆ ಹೊರಗಡೆ ಕೆಮ್ಮು ಕೇಳಿಸುತ್ತಿತ್ತು. ಒಂದು ಕೆಮ್ಮು ಎಂದರೆ ಎರಡು ನಿಮಿಷ ತಡ, ಎರಡು ಕೆಮ್ಮು ಎಂದರೆ ಐದು ನಿಮಿಷ. ತಲೆ ಚಿಟ್ಟು ಹಿಡಿದು ಹೋಗಿತ್ತು ನನಗೆ.

ಆ ಹೊತ್ತಿಗೆ ಸರಿಯಾಗಿ ತಂಗಿ ಕರೆದಳು. ಅವಳು ದೂರದ ಊರಿನಲ್ಲಿ ನಾಟಕದವರಿಗೆ ಉಡುಪು ಹೊಲಿದುಕೊಡುವ ಅಂಗಡಿ ಇಟ್ಟಿದ್ದಾಳೆ. ಕಣ್ಣು ಮೊದಲಿನಂತಿಲ್ಲ, ಕತ್ತರಿ ಹಿಡಿಯಲು ನಂಬಿಕೆಯ ಕೈ ಬೇಕು, ಅಂಗಡಿಯ ಮೇಲೆ ಕೋಣೆ ಇದೆ, ಕಿಟಕಿಗೆ ಹೊಂದಿಸಿ ಉದ್ದದ ಮೇಜು ಹಾಕಿಸಿದ್ದೇನೆ, ನೀನು ಬಂದುಬಿಡು ಎಂದಳು. ಭಾವನ ಬಗ್ಗೆ ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಪ್ರವಾಸದ ಕೊನೆಯ ದಿನ ಉತ್ತರ ಕೊಡುತ್ತೇನೆ ಎಂದಿದ್ದೆ. ಸುಳ್ಳೇಕೆ ಹೇಳಲಿ, ಹೋಗುವುದು ಎಂದು ಒಳಗೊಳಗೆ ಮುಕ್ಕಾಲು ಪಾಲು ತೀರ್ಮಾನವಾಗಿತ್ತು. ಉಳಿದ ಕಾಲು ಪಾಲಿಗೆ ಎಂಟು ದಿನ ಒಬ್ಬಳೇ ಬೇಕಾಗಿತ್ತು. ಅದಕ್ಕೂ ಇವರು ಬೆನ್ನು ಹತ್ತಿದರು.

ನಮ್ಮ ತಂಡದ ಮುಂದಾಳು ನಮ್ಮೂರಿನ ಸೈಕಲ್ ಅಂಗಡಿಯವಳು, ನಾನು ಸೈಕಲ್ ರಿಪೇರಿಗೆ ಒಯ್ಯುತ್ತಿದ್ದುದು ಅವಳಲ್ಲಿಗೇ. ವಯಸ್ಸು ನಲವತ್ತು, ಎಲ್ಲರೂ ಅವಳನ್ನು ಕ್ಯಾಪ್ಟನ್ ಎನ್ನುತ್ತಿದ್ದರು. ಮೊದಲ ದಿನ ಬೆಳಿಗ್ಗೆ ಹೊರಡುವ ಮುಂಚೆ ಎಲ್ಲರನ್ನೂ ಸುತ್ತ ನಿಲ್ಲಿಸಿಕೊಂಡು ಒಂದು ಕಟ್ಟಳೆ ಹೇಳಿದಳು. ಅವಳು ಎಲ್ಲರಿಗಿಂತ ಮುಂದೆ ಹೋಗುತ್ತಾಳೆ. ದಾರಿ ಕವಲೊಡೆಯುವ ಕಡೆ, ತನ್ನ ಹಿಂದೆಯೇ ಯಾರು ಇರುತ್ತಾರೋ ಅವರನ್ನು ಅಲ್ಲಿ ನಿಲ್ಲಿಸುತ್ತಾಳೆ. ನಿಂತವರು ಬರುವವರಿಗೆಲ್ಲ ಯಾವ ಕಡೆ ತಿರುಗಬೇಕೆಂದು ಕೈ ತೋರಿಸಬೇಕು. ಎಲ್ಲರಿಗಿಂತ ಹಿಂದೆ ಬರಲು ಒಬ್ಬರಿರುತ್ತಾರೆ. ಆ ಕೊನೆಯವರು ಬಂದಾಗ, ಹಿಂದೆ ಯಾರಾದರೂ ಇದ್ದಾರಾ ಎಂದು ಕೇಳಬೇಕು. ಇಲ್ಲ ಎಂದ ಮೇಲೆ ಜಾಗ ಬಿಡಬೇಕು. ಕೊನೆಯವರು ಬರುವ ತನಕ ಏನೇ ಆದರೂ ಕದಲುವಂತಿಲ್ಲ. ಹೀಗೆ ಮಾಡಿದರೆ ಯಾರೂ ದಾರಿ ತಪ್ಪುವುದಿಲ್ಲ ಎಂದಳು.

ಕೊನೆಯವರು ಯಾರು ಎಂಬ ಮಾತು ಬಂದಾಗ ನಮ್ಮ ಯಜಮಾನರು ಗಂಟಲು ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದೆ ಬಂದರು. ಮೂವತ್ತನಾಲ್ಕು ವರ್ಷ ಗಾಡಿಯ ಕೊನೆಯ ಡಬ್ಬಿಯಲ್ಲೇ ಕೂತವರು, ಆ ಜಾಗ ತಮ್ಮದೇ ಎಂದುಕೊಂಡಿದ್ದರು. ಕ್ಯಾಪ್ಟನ್ ಇವರನ್ನು ದಾಟಿ ನನ್ನನ್ನು ನೋಡಿ, ಅಕ್ಕ ನೀವು ನಿಧಾನಕ್ಕೆ ಹೋಗ್ತೀರಿ, ಆದ್ರೆ ನಿಲ್ಲೋದಿಲ್ಲ, ಪಂಕ್ಚರ್ ಹಾಕೋದೂ ಗೊತ್ತು, ನೀವೇ ಹಿಂದೆ ಬನ್ನಿ ಎಂದಳು. ಇವರ ಮುಖ ಊದಿತು. ಆ ದಿನವೆಲ್ಲ ನನ್ನ ಜೊತೆ ಮಾತಿಲ್ಲ. ನನಗೆ ಅದೇ ಬೇಕಾಗಿತ್ತು.

ಕೊನೆಯ ಜಾಗ ಎಷ್ಟು ಸುಖ ಎಂದು ಆ ದಿನ ಗೊತ್ತಾಯಿತು. ಮುಂದೆ ಹದಿಮೂರು ಬೆನ್ನುಗಳು ದೂರವಾಗುತ್ತಾ ಹೋಗುತ್ತವೆ, ಹಿಂದೆ ಖಾಲಿ ರಸ್ತೆ. ಕೆಮ್ಮುವವರಿಲ್ಲ. ಯಾತ್ರಿಕರಿಗೆಂದು ಹಿಂದಿನವರು ನಿಲ್ಲಿಸಿದ ಕಲ್ಲುಗಳು ಹಾದಿಯುದ್ದಕ್ಕೂ ಇದ್ದವು, ಮುಟ್ಟಿ ಮುಟ್ಟಿ ನುಣುಪಾದ ಕಲ್ಲುಗಳು. ಇಳಿದು ನಾನೂ ಮುಟ್ಟುತ್ತಿದ್ದೆ. ಮನಸ್ಸಿನಲ್ಲೇ ತಂಗಿಯ ಅಂಗಡಿಯ ಮೇಜಿನ ಮೇಲೆ ಬಟ್ಟೆ ಹರಡಿ ಸೀಮೆಸುಣ್ಣದಲ್ಲಿ ಗೆರೆ ಹಾಕುತ್ತಿದ್ದೆ. ಎರಡು ಊರು ದಾಟುವಷ್ಟರಲ್ಲಿ ಒಬ್ಬ ರಾಜನ ನಿಲುವಂಗಿ ಕತ್ತರಿಸಿ ಮುಗಿಸಿದೆ.

ನನ್ನ ಜೊತೆ ಆಗಾಗ ಉಳಿಯುತ್ತಿದ್ದವರು ಮೇಷ್ಟ್ರು ಒಬ್ಬರೇ. ಇತಿಹಾಸ ಪಾಠ ಮಾಡಿ ನಿವೃತ್ತರಾದವರು, ಹಳೆಯ ಕಟ್ಟಡಗಳ ವಿಷಯ ಹೇಳಲು ತಂಡದವರು ಕರೆತಂದಿದ್ದರು. ಅವರು ಬಾಯಿ ತೆರೆದರೆ ಹದಿನೈದು ಮಂದಿ ಅರಸರು ಸತ್ತ ಮೇಲೆಯೇ ಮುಚ್ಚುವುದು. ಬೆವರಿ ಬಂದವರು ಕಲ್ಲಿನ ಛತ್ರದೊಳಗೆ ನಿಂತು ನಡುಗುತ್ತಿದ್ದರೆ ಅವರು ಕಂಬದ ಬುಡದಿಂದ ತುದಿಯವರೆಗೆ ವಿವರಿಸುತ್ತಿದ್ದರು. ಎಲ್ಲರೂ ಮೆತ್ತಗೆ ಜಾರಿಕೊಂಡ ಮೇಲೂ ನಾನು ನಿಂತಿರಬೇಕಾಗಿತ್ತು, ಕೊನೆಯವಳಲ್ಲವೇ. ಕೇಳಿ ಕೇಳಿ ನನಗೂ ರುಚಿ ಹತ್ತಿತು. ಯಾವ ಚಿತ್ರಗಾರ ಬಟ್ಟೆಯ ಮಡಿಕೆಯನ್ನು ಸರಿಯಾಗಿ ಬರೆದಿದ್ದಾನೆ, ಯಾವನು ಬಟ್ಟೆ ಮುಟ್ಟಿಯೇ ನೋಡಿಲ್ಲ ಎಂದು ನಾನು ಹೇಳಿದಾಗ ಮೇಷ್ಟ್ರು ಅದನ್ನು ಪುಸ್ತಕದಲ್ಲಿ ಬರೆದುಕೊಂಡರು.

ಎರಡನೇ ದಿನದಿಂದ ಒಂದು ವಿಚಿತ್ರ ಶುರುವಾಯಿತು. ಯಾವ ತಿರುವಿಗೆ ಹೋದರೂ ಅಲ್ಲಿ ನಮ್ಮ ಯಜಮಾನರೇ ನಿಂತಿರುತ್ತಿದ್ದರು. ನೆಟ್ಟ ಕಂಬದ ಹಾಗೆ, ಬಲಗೈ ದಾರಿಯ ಕಡೆ ಚಾಚಿ, ಎಡಗೈ ಗಡಿಯಾರ ನೋಡಿಕೊಂಡು. ನಾನು ಹತ್ತಿರ ಬಂದರೆ, ಗುರುತು ಪರಿಚಯವೇ ಇಲ್ಲದವರ ಹಾಗೆ, ಹಿಂದೆ ಯಾರಾದರೂ ಇದ್ದಾರಾ ಎಂದು ಕೇಳುವರು. ಇಲ್ಲ ಎಂದರೆ ತಲೆಯಾಡಿಸಿ ಸೈಕಲ್ ಹತ್ತಿ, ನನ್ನ ಕಡೆ ತಿರುಗಿಯೂ ನೋಡದೆ, ಕಾಲಿಗೆ ಬುದ್ಧಿ ಹೇಳಿದವರಂತೆ ಮುಂದೆ ಹೊರಟುಬಿಡುವರು. ಏರು ಇರಲಿ ಇಳಿಜಾರಿರಲಿ, ಹನ್ನೊಂದು ಮಂದಿಯನ್ನೂ ದಾಟಿಕೊಂಡು ಹೋಗಿ ಮತ್ತೆ ಕ್ಯಾಪ್ಟನ್ ಹಿಂದೆಯೇ ಸೇರುವರು. ಮುಂದಿನ ತಿರುವಿನಲ್ಲಿ ಮತ್ತೆ ಅವರೇ. ಅರುವತ್ತಮೂರು ವರ್ಷದ ಮನುಷ್ಯ, ಸಂಜೆ ತಂಗುವ ಹೊತ್ತಿಗೆ ಸೈಕಲ್ಲಿನಿಂದ ಇಳಿದರೆ ಕಾಲು ಬಾಗಿಕೊಂಡೇ ಇರುತ್ತಿತ್ತು.

ನನಗಂತೂ ಪಿತ್ತ ನೆತ್ತಿಗೇರುತ್ತಿತ್ತು. ಇಲ್ಲಿಗೂ ಬಂದು ಗಡಿಯಾರ ಹಿಡಿದು ನನ್ನ ತಡ ಲೆಕ್ಕ ಹಾಕುತ್ತಾರಲ್ಲ ಎಂದು. ನನ್ನ ಜೊತೆ ಎರಡು ಮಾರು ದೂರವೂ ಬರಲಾರರು, ಮುಂದೆ ಓಡಲೇಬೇಕು. ತಂಡದವರು ನಗುತ್ತಿದ್ದರು. ಗಾರ್ಡ್ ಸಾಹೇಬರಿಗೆ ಮುಂದೆ ಇರುವ ಚಪಲ, ಅದಕ್ಕೇ ಪ್ರತಿ ತಿರುವಿನಲ್ಲಿ ಶಿಕ್ಷೆ ಎನ್ನುತ್ತಿದ್ದರು. ನಾನೂ ಸೇರಿ ನಕ್ಕಿದ್ದೇನೆ. ನಾಲ್ಕನೇ ದಿನ ತಂಗಿ ಫೋನ್ ಮಾಡಿದಾಗ, ನೋಡೇ, ಈ ಮನುಷ್ಯನಿಗೆ ನಾನು ಹಿಂದೆ ಬಿಟ್ಟು ಹೋಗುವ ಸ್ಟೇಷನ್ ಇದ್ದ ಹಾಗೆ, ಈ ಕಾಟ ತಡೆಯೋಕಾಗಲ್ಲ, ನಿನ್ನ ಅಂಗಡಿಗೆ ಬಂದುಬಿಡಬೇಕು ಅನಿಸುತ್ತೆ ಎಂದು ಹೇಳಿಕೊಂಡೆ. ಮುಕ್ಕಾಲು ಪಾಲು ತೀರ್ಮಾನ ಆ ಹೊತ್ತಿಗೆ ಪೂರ್ತಿಯೇ ಆಗಿತ್ತು.

ಏಳನೇ ದಿನ ನಡೆದದ್ದಕ್ಕೆ ಮೇಷ್ಟ್ರ ಕುತ್ತಿಗೆ ಕಾರಣ. ಬೆಟ್ಟದ ತಪ್ಪಲಿನ ಒಂದು ಛತ್ರದ ಛಾವಣಿಯ ತುಂಬ ಯಾತ್ರಿಕರ ಸಾಲಿನ ಚಿತ್ರವಿತ್ತು. ಎಲ್ಲರೂ ನೋಡಿ ಹೊರಟಾಗಿತ್ತು. ಮೇಷ್ಟ್ರು ಕತ್ತು ಮೇಲೆತ್ತಿ, ಸಾಲಿನ ಮೊದಲ ಯಾತ್ರಿಕನಿಂದ ಶುರು ಮಾಡಿ, ನನಗೆ ಒಬ್ಬೊಬ್ಬರನ್ನೇ ತೋರಿಸುತ್ತಾ ಹಿಂದಕ್ಕೆ ಹಿಂದಕ್ಕೆ ನಡೆದರು. ಸಾಲಿನ ಮಧ್ಯಕ್ಕೆ ಬರುವಷ್ಟರಲ್ಲಿ ಹಿಂದೆ ಇದ್ದ ನೀರಿಲ್ಲದ ಕಲ್ಲುತೊಟ್ಟಿಯೊಳಗೆ ಕೂತುಬಿಟ್ಟರು. ಎತ್ತಿ ನಿಲ್ಲಿಸಿದರೆ ಬಲಗಾಲು ಊರಲು ಆಗಲಿಲ್ಲ, ಕಣಕಾಲು ಆಗಲೇ ದಪ್ಪವಾಗುತ್ತಿತ್ತು. ಅಷ್ಟು ನೋವಿನಲ್ಲೂ, ಉಳಿದ ಅರ್ಧ ಸಾಲು ಬಾಕಿ ಇದೆ ಎಂದರು.

ಛತ್ರಕ್ಕೆ ಹಾಲಿನ ಲಾರಿಯೊಂದು ಬಂದಿತ್ತು. ಆ ಲಾರಿ ನಮ್ಮ ಹಾದಿ ಬಿಟ್ಟು ಬೇರೆ ಕಡೆಯ ಹೆದ್ದಾರಿಯ ಮೇಲೆ, ನಾವು ಆ ದಿನ ತಂಗಬೇಕಾಗಿದ್ದ ಊರಿಗೇ ಹೋಗುವುದು. ಡ್ರೈವರನ ಕೈಕಾಲು ಹಿಡಿದು ಮೇಷ್ಟ್ರನ್ನು ಮುಂದೆ ಕೂರಿಸಿ, ಎರಡು ಸೈಕಲ್ಲನ್ನೂ ಹಿಂದೆ ಹಾಲಿನ ಕ್ಯಾನುಗಳ ನಡುವೆ ನಿಲ್ಲಿಸಿ, ನಾನೂ ಹತ್ತಿದೆ. ನನ್ನ ಫೋನು ನಮ್ಮ ಸಾಮಾನು ಹೊರುವ ವ್ಯಾನಿನಲ್ಲಿತ್ತು, ದಾರಿಯಲ್ಲಿ ಡ್ರೈವರನ ಫೋನಿನಿಂದ ಕ್ಯಾಪ್ಟನ್‌ಗೆ ವಿಷಯ ತಿಳಿಸಿದೆ. ಮಧ್ಯಾಹ್ನ ಒಂದು ಗಂಟೆಗೆ ವಸತಿಗೃಹ ಮುಟ್ಟಿದೆವು. ಮೇಷ್ಟ್ರನ್ನು ಮಲಗಿಸಿ, ಕಾಲಿಗೆ ತಣ್ಣೀರಿನ ಬಟ್ಟೆ ಸುತ್ತಿ, ಊಟ ಮಾಡಿ, ಬಕೆಟ್ಟಿನ ಬಿಸಿನೀರಲ್ಲಿ ನನ್ನ ಕಾಲಿಳಿಬಿಟ್ಟು ಕೂತಾಗ ಎರಡೂವರೆ. ಆಗ ಯಾರೋ, ಗಾರ್ಡ್ ಸಾಹೇಬರು ಎಲ್ಲಿ, ಊಟಕ್ಕೂ ಕಾಣಲಿಲ್ಲವಲ್ಲ ಎಂದರು.

ನಾನು ಅವರು ಕೋಣೆಯಲ್ಲಿ ಮುನಿಸಿಕೊಂಡು ಮಲಗಿದ್ದಾರೆ ಎಂದುಕೊಂಡಿದ್ದೆ. ಇವರು ನನ್ನ ಜೊತೆ ಬಂದಿರಬೇಕು ಎಂದು ಕ್ಯಾಪ್ಟನ್ ತಿಳಿದಿದ್ದಳು. ಅವಳ ಮುಖ ನೋಡಿದಾಗಲೇ ನನಗೆ ಹೊಳೆದದ್ದು. ಛತ್ರದಿಂದ ಮುಂದೆ ಐದು ಕಿಲೋಮೀಟರಿನಲ್ಲಿ, ಟಾರು ರಸ್ತೆ ಬಿಟ್ಟು ಹಳೆಯ ಹಾದಿ ಇಳಿಯುವ ಕಡೆ, ಆ ದಿನದ ಕೊನೆಯ ತಿರುವಿತ್ತು. ಬೆಳಿಗ್ಗೆ ಹನ್ನೊಂದಕ್ಕೆ ಅವಳು ಅವರನ್ನು ಅಲ್ಲಿ ನಿಲ್ಲಿಸಿದ್ದಳು. ಕೊನೆಯವಳಾದ ನಾನು ಆ ದಾರಿಯಲ್ಲಿ ಬರಲೇ ಇಲ್ಲ. ಮೇಷ್ಟ್ರ ಗಡಿಬಿಡಿಯಲ್ಲಿ ಕ್ಯಾಪ್ಟನ್ ಮರೆತಳು ಎಂದರೆ ಅರ್ಥವಿದೆ. ನಾನು ಮರೆತೆನಲ್ಲ, ಆರು ದಿನ ಪ್ರತಿ ತಿರುವಿನಲ್ಲೂ ಆ ಮನುಷ್ಯನ ಮುಖ ನೋಡಿದವಳು.

ಫೋನ್ ಮಾಡಿದರೆ ಅವರ ಫೋನು ವ್ಯಾನಿನಲ್ಲಿದ್ದ ಚೀಲದಲ್ಲಿ ಬಡಿದುಕೊಂಡಿತು. ಸಾಮಾನು ಹೊರುವ ವ್ಯಾನನ್ನೇ ಕಳಿಸಿದೆವು. ಅರ್ಧ ಗಂಟೆಗೆ ವ್ಯಾನು ವಾಪಸ್ ಬಂತು, ಡ್ರೈವರ್ ಒಬ್ಬನೇ ಇಳಿದ. ಸಾಹೇಬರು ಹತ್ತಲಿಲ್ಲ ಎಂದ. ನಿಮ್ಮವರು ಲಾರಿಯಲ್ಲಿ ಹೋದರಂತೆ, ಬನ್ನಿ ಎಂದು ಎಷ್ಟು ಹೇಳಿದರೂ ಸೊಪ್ಪು ಹಾಕಲಿಲ್ಲವಂತೆ. ಕೊನೆಯವರು ಇನ್ನೂ ಬಂದಿಲ್ಲ, ಬಾಯಿಮಾತಿಗೆ ಗಾಡಿ ಬಿಡೋದಿಲ್ಲ ಎಂದು ಕಡ್ಡಿ ಮುರಿದ ಹಾಗೆ ಹೇಳಿದರಂತೆ. ಸುತ್ತ ನಿಂತವರು ನಕ್ಕರು. ಮರೆತ ತಪ್ಪು ನನ್ನದೇ ಆಗಿದ್ದರಿಂದ ನನಗೆ ಕೋಪ ಇನ್ನೂ ಜಾಸ್ತಿ ಬಂತು. ನಿಲ್ಲಲಿ ಬಿಡಿ, ಕಾಲು ಸೋತ ಮೇಲೆ ತಾನಾಗಿ ಬರುತ್ತಾರೆ, ಮುಂದೆ ಮುಂದೆ ಓಡಿದ್ದಕ್ಕೆ ತಕ್ಕದ್ದಾಯಿತು ಎಂದೆ.

ಕ್ಯಾಪ್ಟನ್ ನಗಲಿಲ್ಲ. ನನ್ನ ಪಕ್ಕದ ಕುರ್ಚಿಯ ತುದಿಯಲ್ಲಿ ಕೂತಳು.

"ಅಕ್ಕ, ನಾನು ತಿರುವಿಗೆ ದಿನಾ ಬೇರೆ ಬೇರೆಯವರನ್ನ ನಿಲ್ಸೋಣ ಅಂತಿದ್ದೆ. ಎರಡನೇ ದಿನ ಬೆಳಿಗ್ಗೆ ಸರ್ ಬಂದು, ಎಲ್ಲಾ ತಿರುವಿಗೂ ನನ್ನನ್ನೇ ನಿಲ್ಸಮ್ಮ ಅಂತ ಕೇಳ್ಕೊಂಡ್ರು. ಯಾಕೆ ಸರ್ ಅಂದೆ. ಹೆಂಡ್ತಿ ಹಿಂದೆ ಒಬ್ಳೇ ಬರ್ತಾಳೆ, ಸರಿಯಾಗಿ ಬರ್ತಿದಾಳಾ ಅಂತ ನೋಡ್ಬೇಕು ಅಂದ್ರು. ಹಾಗಾದ್ರೆ ಜೊತೇಲೇ ಹೋಗಿ ಅಂದೆ. ಬೇಡ, ಅವಳಿಗೆ ಒಬ್ಳೇ ಇರೋದು ಬೇಕಾಗಿದೆ ಅಂದ್ರು."

ನಾನು ನೀರಿನಿಂದ ಕಾಲು ತೆಗೆದೆ. ಒರೆಸಿಕೊಂಡೆನೋ ಇಲ್ಲವೋ ನೆನಪಿಲ್ಲ. ವ್ಯಾನು ಆಗಲೇ ಮೇಷ್ಟ್ರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೊರಟಿತ್ತು. ಸೈಕಲ್ ತೆಗೆದುಕೊಂಡು ಹೊರಟೆ. ಒಂಬತ್ತು ಕಿಲೋಮೀಟರು, ಅದರಲ್ಲಿ ಆರು ಏರು. ಏರಿನಲ್ಲಿ ಉಸಿರು ಬಿಡುತ್ತಾ ನನಗೆ ಅರ್ಥವಾದದ್ದು ಇಷ್ಟು. ನನ್ನನ್ನು ಒಬ್ಬಳೇ ಬಿಟ್ಟು, ಆದರೂ ನನ್ನನ್ನು ನೋಡಬೇಕೆಂದರೆ ಆ ಮನುಷ್ಯನಿಗೆ ಇದ್ದದ್ದು ಒಂದೇ ದಾರಿ. ಪ್ರತಿ ಸಲವೂ ನನ್ನಿಂದ ದೂರ ಓಡಬೇಕು, ಎಲ್ಲರನ್ನೂ ದಾಟಬೇಕು, ಮುಂದಿನ ತಿರುವಿನಲ್ಲಿ ಮೊದಲೇ ಹೋಗಿ ನಿಲ್ಲಬೇಕು. ದಿನಕ್ಕೆ ಏಳೆಂಟು ಸಲ. ನಾನು ಅವರ ಓಡುವ ಬೆನ್ನನ್ನು ಮಾತ್ರ ನೋಡಿದ್ದೆ. ಯಾರೂ ಇಲ್ಲದ ರಸ್ತೆಯಲ್ಲಿ ಗಟ್ಟಿಯಾಗಿಯೇ ಬೈದುಕೊಂಡೆ, ಅವರನ್ನು ಒಂದಿಷ್ಟು, ನನ್ನನ್ನು ಒಂದಿಷ್ಟು. ಕಣ್ಣು ಒರೆಸಿಕೊಳ್ಳಲು ಎರಡು ಸಲ ಇಳಿಯಬೇಕಾಯಿತು.

ನಾಲ್ಕು ಗಂಟೆಯ ಹೊತ್ತಿಗೆ ತಿರುವು ಕಾಣಿಸಿತು. ನಿಂತೇ ಇದ್ದರು. ಸೈಕಲ್ಲನ್ನು ಯಾತ್ರಿಕರ ಕಲ್ಲಿಗೆ ಒರಗಿಸಿ, ಟೊಪ್ಪಿ ಹಣೆಯವರೆಗೆ ಎಳೆದುಕೊಂಡು, ಛತ್ರದ ಕಡೆಯ ರಸ್ತೆಯನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದರು. ನಾನು ಬಂದದ್ದು ಅವರ ಬೆನ್ನಿನ ಕಡೆಯಿಂದ. ರೀ ಎಂದೆ. ತಿರುಗಿದರು. ಬಿಸಿಲಿಗೆ ಮುಖ ಕಪ್ಪಾಗಿ, ತುಟಿ ಒಡೆದಿತ್ತು. ಕೈಯೆತ್ತಿ ಛತ್ರದ ದಾರಿ ತೋರಿಸಿ, ನೀನು ಬರಬೇಕಾದ್ದು ಆ ಕಡೆಯಿಂದ ಎಂದರು.

ತಮಾಷೆಗೆ ಹೇಳಿದ್ದಲ್ಲ ಎಂದು ಧ್ವನಿಯಲ್ಲೇ ತಿಳಿಯಿತು. ಬೇರೆ ದಿನವಾಗಿದ್ದರೆ ಸೈಕಲ್ಲನ್ನು ಅಲ್ಲೇ ಬಿಸಾಕಿ ಜಗಳಕ್ಕೆ ನಿಲ್ಲುತ್ತಿದ್ದೆ. ಆ ದಿನ ತುಟಿಪಿಟಕ್ಕೆನ್ನದೆ ಅವರನ್ನು ದಾಟಿ ಮೇಲಕ್ಕೆ ಹೋದೆ. ನೂರು ಮಾರು ದೂರದಲ್ಲಿ ಸೈಕಲ್ ತಿರುಗಿಸಿ, ಬರಬೇಕಾದ ಕಡೆಯಿಂದ, ಬರಬೇಕಾದ ಹಾಗೆ ಇಳಿದು ಬಂದೆ. ಅವರು ಬಲಗೈ ಚಾಚಿ ನಿಂತಿದ್ದರು.

"ಹಿಂದೆ ಯಾರಾದ್ರೂ ಇದಾರಾ?"

"ಯಾರೂ ಇಲ್ಲ. ನಾನೇ ಕೊನೆ."

ತಲೆಯಾಡಿಸಿದರು. ಗಡಿಯಾರ ನೋಡಲಿಲ್ಲ. ನಿಂತ ಜಾಗದಲ್ಲೇ, ಗೋಣಿ ಇಳಿಸಿದ ಹಾಗೆ, ಕಲ್ಲಿನ ಬುಡದಲ್ಲಿ ಕೂತುಬಿಟ್ಟರು. ನಾನೂ ಪಕ್ಕದಲ್ಲಿ ಕೂತು ನೀರಿನ ಬಾಟಲಿ ಕೊಟ್ಟೆ. ಪೂರ್ತಿ ಕುಡಿದರು. ಬೆಳಿಗ್ಗೆಯಿಂದ ಏನು ತಿಂದಿರಿ ಎಂದರೆ, ಒಂದು ಬಾಳೆಹಣ್ಣು ಎಂದರು. ವ್ಯಾನು ಬಂದಾಗ ಯಾಕೆ ಹತ್ತಲಿಲ್ಲ, ಹಟ ಮಾಡೋಕೂ ಒಂದು ಮಿತಿ ಬೇಡವಾ ಎಂದು ಕೇಳಿದೆ. ಅವರು ಬಾಟಲಿಯ ಮುಚ್ಚಳವನ್ನು ತಿರುಗಿಸುತ್ತಲೇ ಇದ್ದರು.

"ನೀನು ಲಾರೀಲಿ ಹೋದೆ ಅಂದ ಅವನು. ತಂಗಿ ಹತ್ರ ಹೋದೆ ಅಂದ್ಕೊಂಡೆ."

ತಂಗಿಯ ವಿಷಯ ಅವರಿಗೆ ಹೇಗೆ ಗೊತ್ತು ಎಂದು ನಾನು ಕೇಳುವ ಮೊದಲೇ ಹೇಳಿದರು. ನಾಲ್ಕನೇ ದಿನ ನಾನು ಅಂಗಳದಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದಾಗ ಅವರು ಗೋಡೆಯ ಆಚೆ ಸೈಕಲ್ ಚೈನಿಗೆ ಎಣ್ಣೆ ಬಿಡುತ್ತಿದ್ದರಂತೆ. ಕೇಳಿಸಿಕೊಳ್ಳಬಾರದೆಂದು ಎದ್ದು ಹೋಗಲು ನೋಡಿದರೆ ಕಾಲು ಹಿಡಿದುಕೊಂಡಿತ್ತಂತೆ. ಹಾಗೆ ಅನಿಸಿದ್ದರೆ ವಸತಿಗೃಹಕ್ಕೆ ಬಂದು ನೋಡಬಹುದಿತ್ತಲ್ಲ, ಅಲ್ಲಿ ನಾನು ಕಾಲು ತೊಳೆಯುತ್ತಾ ಕೂತಿದ್ದೆನಲ್ಲ ಎಂದೆ.

"ಬಂದು ನೋಡಿ, ನೀನು ಇಲ್ದೇ ಇದ್ರೆ?" ಎಂದರು. "ಇಲ್ಲಿ ನಿಂತಿದ್ರೆ ಇನ್ನೂ ಬರಬಹುದು ಅಂತಾದ್ರೂ ಇರುತ್ತೆ."

ಮೂವತ್ತೈದು ವರ್ಷದಲ್ಲಿ ಈ ಮನುಷ್ಯ ಇಷ್ಟು ಮಾತು ಒಟ್ಟಿಗೆ ಆಡಿದ್ದು ಕೇಳಿರಲಿಲ್ಲ. ಆದರೂ ನಾನು ನಾನೇ. ಕರಗಿ ನೀರಾಗಿ ಎಲ್ಲ ಮರೆತುಬಿಡುವ ಜಾತಿಯಲ್ಲ. ಹೇಳಬೇಕಾದದ್ದನ್ನು ಆಗಲೇ ಹೇಳಿದೆ. ಅಡುಗೆಮನೆಯ ಗೋಡೆಯ ಪಟ್ಟಿ, ಸ್ನಾನದ ಮನೆಯ ಮುಂದಿನ ಕೆಮ್ಮು, ಕಸದ ಡಬ್ಬಿಯ ಏಳು ನಲವತ್ತು. ಆ ಮನೆಯಲ್ಲಿ ನನಗೆ ಉಸಿರು ಕಟ್ಟುತ್ತದೆ ಎಂದೆ. ಕೈಯಲ್ಲಿ ಕತ್ತರಿ ಇಲ್ಲದೆ ಎರಡು ವರ್ಷವಾಯಿತು, ಬೆರಳು ಸುಮ್ಮನೆ ಕೂರುವುದಿಲ್ಲ, ನನಗೆ ಕೆಲಸ ಬೇಕು ಎಂದೆ. ತಂಗಿಯ ಅಂಗಡಿಗೆ ಹೋಗುವುದು ಹೋಗುವುದೇ ಎಂದೆ. ಎಲ್ಲ ಕೇಳಿದ ಮೇಲೆ ಅವರು ನಿಧಾನಕ್ಕೆ ತಮ್ಮ ಮಾತು ಹೇಳಿದರು.

ಗಾಡಿಯ ಕೊನೆಯ ಡಬ್ಬಿಯಲ್ಲಿ ಕೂತವನಿಗೆ ನೇರ ದಾರಿಯಲ್ಲಿ ಏನೂ ಕಾಣುವುದಿಲ್ಲವಂತೆ, ಮುಂದಿನ ಡಬ್ಬಿಯ ಗೋಡೆ ಮಾತ್ರ. ತಿರುವು ಬಂದಾಗಲೇ ಇಡೀ ಗಾಡಿ ಕಾಣುವುದು. ಇಂಜಿನ್ನು, ಎಲ್ಲ ಡಬ್ಬಿ, ಕಿಟಕಿಯಲ್ಲಿ ಕೂತ ಜನ. ಎಲ್ಲ ಸರಿಯಿದೆ ಎಂದು ಅಲ್ಲಿ ನೋಡಿಕೊಳ್ಳಬೇಕು, ಮುಂದಿನ ತಿರುವಿನವರೆಗೆ ಅದೇ ಧೈರ್ಯ. ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂತು ಯಾವುದು ಸರಿಯಿದೆ, ಯಾವುದು ಇಲ್ಲ ಎಂದು ಅವರಿಗೆ ತಿಳಿಯಲೇ ಇಲ್ಲವಂತೆ. ಅದಕ್ಕೆ ಪಟ್ಟಿ ಹಾಕಿದ್ದು. ಚಹಾ ಏಳು ಹತ್ತಕ್ಕೆ ಬಂದರೆ ನೀನು ಇದ್ದೀಯ, ಸರಿಯಿದ್ದೀಯ ಅಂತ ಎಂದರು. ಕೆಮ್ಮಿದ್ದೂ ಅದಕ್ಕೇ, ಒಳಗೆ ಜಾರಿ ಬಿದ್ದಿರುವೆಯೇನೋ ಎಂದು ಹೆದರಿಕೆಯಂತೆ. ಬಾಯಿ ಬಿಟ್ಟು ಕೇಳಬಹುದಿತ್ತಲ್ಲ ಎಂದೆ. ಕೇಳುವುದು ಹೇಗೆ ಅಂತ ಗೊತ್ತಾಗಲಿಲ್ಲ ಎಂದರು.

ನನಗೆ ನಗುವೂ ಬಂತು, ಅಳುವೂ ಬಂತು. ಯಾವುದು ಮೊದಲು ಬಂತೋ ತಿಳಿಯದು. ಇಬ್ಬರೂ ಎದ್ದೆವು. ಅವರ ಮೊಣಕಾಲು ಲಟಕ್ಕೆಂದಿತು, ಕೈ ಕೊಟ್ಟೆ. ಸೈಕಲ್ಲುಗಳನ್ನು ತಳ್ಳಿಕೊಂಡು ಹಳೆಯ ಹಾದಿಯಲ್ಲಿ ಇಳಿದೆವು. ಸ್ವಲ್ಪ ದೂರ ಹೋದ ಮೇಲೆ, ಮುಂದಿನ ಕಲ್ಲುಗಳನ್ನೇ ನೋಡುತ್ತಾ ಕೇಳಿದರು.

"ತಂಗಿ ಊರಿಗೆ ನಾನೂ ಬರಬಹುದಾ?"

ಅಷ್ಟು ವರ್ಷದಲ್ಲಿ ಅವರು ನನ್ನನ್ನು ಒಪ್ಪಿಗೆ ಕೇಳಿದ್ದು ಅದೇ ಮೊದಲು. ಅರ್ಜಿಯಲ್ಲಿ ಹೆಸರು ಬರೆಯುವಾಗಲೂ ಕೇಳದವರು. ಉತ್ತರ ಕೊಡಲು ಎಷ್ಟು ಹೊತ್ತು ತೆಗೆದುಕೊಳ್ಳಬೇಕು ಎಂದು ನನಗೂ ಅಭ್ಯಾಸವಿರಲಿಲ್ಲ. ಯೋಚಿಸಿ ಹೇಳುತ್ತೇನೆ ಎಂದೆ. ಆಗಲಿ ಎಂದರು. ವಸತಿಗೃಹ ಬರುವವರೆಗೂ ಮತ್ತೆ ಕೇಳಲಿಲ್ಲ, ಮುಂದೆ ಓಡಲೂ ಇಲ್ಲ.

ಊರು ತಲುಪಿದಾಗ ತಂಡದವರೆಲ್ಲ ಬಾಗಿಲಲ್ಲೇ ಇದ್ದರು. ಕ್ಯಾಪ್ಟನ್ ತಪ್ಪಾಯಿತು ಎಂದು ಅವರ ಕೈ ಹಿಡಿದುಕೊಂಡಳು. ತಪ್ಪೇನಿಲ್ಲ, ಕಟ್ಟಳೆ ಕಟ್ಟಳೆಯೇ ಎಂದರು ಇವರು. ಪಟ್ಟಿ ಕಟ್ಟಿದ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡಿದ್ದ ಮೇಷ್ಟ್ರು ಇವರನ್ನು ಪಕ್ಕಕ್ಕೆ ಕೂರಿಸಿಕೊಂಡು ಉಳಿದ ಅರ್ಧ ಸಾಲಿನ ಯಾತ್ರಿಕರ ವಿವರ ಶುರು ಮಾಡಿದರು. ಬಾಯಿ ತುಂಬ ಬ್ರೆಡ್ಡು ತುಂಬಿಕೊಂಡಿದ್ದ ಇವರಿಗೆ ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ನಾನು ಅಂಗಳಕ್ಕೆ ಬಂದು, ಉತ್ತರ ಕೊಡುವ ದಿನಕ್ಕೆ ಒಂದು ದಿನ ಮೊದಲೇ, ತಂಗಿಗೆ ಫೋನ್ ಮಾಡಿದೆ. ಬರುತ್ತೇನೆ ಎಂದೆ. ಅವಳಿಗೆ ಖುಷಿಯಾಯಿತು. ಮೇಲಿನ ಕೋಣೆ ಸಣ್ಣದಲ್ಲವಾ, ಇಬ್ಬರಿಗಾಗುವ ಹಾಗೆ ಬೇರೆ ನೋಡಿರು ಎಂದೆ.

"ಭಾವನ್ನೂ ಕರ್ಕೊಂಡು ಬರ್ತೀಯಾ? ಅವರ ಕಾಟ ತಡೆಯೋಕಾಗಲ್ಲ ಅಂತ ಮೊನ್ನೆ ತಾನೇ ಅಂದ್ಯಲ್ಲಕ್ಕ."

"ಅಂದಿದ್ದೆ. ಈಗಲೂ ಅದನ್ನೇ ಅಂತೀನಿ," ಎಂದೆ. "ಆದ್ರೆ ಬಿಟ್ಟು ಬರೋಕಾಗಲ್ಲ ಕಣೇ. ಬಿಟ್ಟು ಬಂದ್ರೆ ಅವರು ನಿಂತೇ ಇರ್ತಾರೆ."